ಮೂಗುದಾರ ಇಲ್ಲದ ಎತ್ತು

ಬೆಂಗಳೂರಿನಿಂದ ಮಗ ಯುಗಾದಿಗೆ ಬಂದರೆ ನನಗೊಂದು ಪಂಚೆ, ನಮ್ಮವಳಿಗೊಂದು ಸೀರೆ. ಇದು ನಮ್ಮ ಮನೆಯಲ್ಲಿ ಯಾರೂ ಬರೆದಿಡದ ಕಾನೂನು. ಈ ಸಲ ಅವಳಿಗೆ ಸೀರೆ ಬಂತು. ನನಗೆ ಬಂದದ್ದು ಉದ್ದನೆಯ ರಟ್ಟಿನ ಪೆಟ್ಟಿಗೆ. ಬಿಚ್ಚಿದರೆ ಒಳಗೊಂದು ಕೋಲು. ಕೋಲಿನ ಮೇಲ್ತುದಿಗೆ ಎರಡು ಹಿಡಿ, ಕೆಳತುದಿಗೆ ಹಲ್ಲು ಕಿರಿದುಕೊಂಡ ನಾಲ್ಕು ಉಕ್ಕಿನ ಚಕ್ರ. ಪಕ್ಕದ ಕವರಿನಲ್ಲಿ ಸಾಬೂನು ಡಬ್ಬಿಯಂಥ ಬ್ಯಾಟರಿ.

"ಏನಪ್ಪಾ ಇದು?"

"ಕಾರ್ಡ್‌ಲೆಸ್ ಟಿಲ್ಲರ್ ಅಪ್ಪಾ. ನಿಮ್ಮ ತೋಟಕ್ಕೆ. ಇನ್ಮೇಲೆ ಗುದ್ದಲಿ ಹಿಡಿದು ಸೊಂಟ ಮುರ್ಕೋಬೇಡಿ."

ನಾನು ಗುದ್ದಲಿ ಮುಟ್ಟಿ ಹತ್ತು ವರ್ಷವಾಯಿತು ಎಂದು ಹೇಳಲು ನಮ್ಮವಳು ಬಾಯಿ ತೆರೆದಳು. ನಾನು ಕೂಡಲೇ ಇನ್ನೊಂದು ಒಬ್ಬಟ್ಟು ಕೇಳಿದೆ.

ತೋಟ ಎಂದ ಕೂಡಲೇ ನೀವು ಅಡಿಕೆ, ಬಾಳೆ, ಪಂಪ್‌ಸೆಟ್ಟು ಎಂದೆಲ್ಲ ಕಲ್ಪಿಸಿಕೊಳ್ಳಬಾರದು. ಗುಂಡ್ಲುಪೇಟೆಯ ನಮ್ಮ ಮನೆಯ ಹಿಂದೆ ಹನ್ನೊಂದು ಅಡಿ ಅಗಲ, ಇಪ್ಪತ್ತೈದು ಅಡಿ ಉದ್ದದ ಜಾಗವಿದೆ. ಗುಂಟೆಗೆ 1089 ಚದರಡಿ ಎಂಬ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಕಾಲು ಗುಂಟೆ. ಇಂಥ ನೂರರವತ್ತು ತೋಟ ಸೇರಿದರೆ ಒಂದು ಎಕರೆ. ಅದರಲ್ಲೂ ಒಂದು ಮೂಲೆ ಬಟ್ಟೆ ಒಗೆಯುವ ಕಲ್ಲಿಗೆ, ಒಂದು ಮೂಲೆ ಕರಿಬೇವಿಗೆ, ನಡುವೆ ತುಳಸಿಕಟ್ಟೆಗೆ ಹೋಗಿದೆ. ಮಿಕ್ಕದ್ದರಲ್ಲಿ ನಾಲ್ಕು ಬದನೆ, ಆರು ಮೆಣಸಿನಗಿಡ, ಒಂದು ಮಡಿ ದಂಟುಸೊಪ್ಪು, ಮತ್ತೆ ಕೇಳಿದಷ್ಟು ಗರಿಕೆ. ಈ ಸಾಮ್ರಾಜ್ಯವನ್ನು ಉಳಲು ಯಂತ್ರ.

ನಮ್ಮ ಕಡೆ ಟಿಲ್ಲರ್ ಎಂಬುದು ಹೊಸ ಪದವಲ್ಲ. 1967ರಲ್ಲಿ ಬೆಂಗಳೂರಿನ ವಿ.ಎಸ್.ಟಿ. ಕಂಪನಿ ಜಪಾನಿನ ಮಿತ್ಸುಬಿಷಿಯವರ ಜೊತೆ ಸೇರಿ ಶುರು ಮಾಡಿದ ವ್ಯವಹಾರದಿಂದ ಹಳ್ಳಿಹಳ್ಳಿಗೂ ಆ ಪದ ಬಂದು ಕೂತಿದೆ. ಟಿಲ್ಲರ್ ಅಂದರೆ ಹದಿಮೂರು ಅಶ್ವಶಕ್ತಿ, ಡೀಸೆಲ್ ಹೊಗೆ, ಹಿಂದೆ ಗಾಡಿ ಕಟ್ಟಿದರೆ ಮದುವೆ ದಿಬ್ಬಣ. ಹಾಗಾಗಿ ನಾನು ಟಿಲ್ಲರ್ ತೆಗೆದುಕೊಂಡೆ ಎಂಬ ಸುದ್ದಿ ತೆರಕಣಾಂಬಿ ಕಡೆಯಿಂದ ಬಂದು ನಮ್ಮ ಬೀದಿಯಲ್ಲಿ ತೋಟ ಅಗೆದುಕೊಡುವ ಅಣ್ಣನ ಕಿವಿಗೆ ಬಿದ್ದದ್ದೇ ತಡ, ಅವನು ಸೈಕಲ್ ಹತ್ತಿ ಬಂದುಬಿಟ್ಟ.

"ಟಿಲ್ಲರ್ ತಕಂಡ್ರಂತಲ್ಲ ಸಾ, ಎಲ್ಲಿ ನಿಲ್ಸಿದ್ದೀರಿ? ಸೆಡ್ ಕಾಣ್ಲಿಲ್ವಲ್ಲ?"

ಬಾಗಿಲ ಹಿಂದೆ ಛತ್ರಿಯ ಜೊತೆ ಒರಗಿಸಿದ್ದನ್ನು ತೋರಿಸಿದೆ. ಅವನು ಒಂದು ಸುತ್ತು ಬಂದು ನೋಡಿದ. ಬೆರಳಿನಿಂದ ಹಲ್ಲು ಮುಟ್ಟಿದ. ಕೊನೆಗೆ ಶಾಂತವಾಗಿ ಹೇಳಿದ: "ಇದು ನೆಲ ರುಬ್ಬ ಮಿಕ್ಸಿ ಕನ ಸಾ."

ಆ ಹೆಸರು ಬೀದಿಯಲ್ಲಿ ನಿಂತೇಹೋಯಿತು. ಮಗ ಹೇಳಿಕೊಟ್ಟ ಇಂಗ್ಲಿಷ್ ಹೆಸರು ನನ್ನ ನಾಲಿಗೆಯಲ್ಲೂ ಈಗ ಇಲ್ಲ.

ಯುಗಾದಿಯ ದಿನ ನಮ್ಮ ಸೀಮೆಯಲ್ಲಿ ಹೊನ್ನಾರು ಕಟ್ಟುತ್ತಾರೆ. ಬೇಗೂರು ಕಡೆಯ ನಮ್ಮ ಹಳ್ಳಿಯಲ್ಲಿ ಅಪ್ಪ ಬೆಳಗಿನ ಜಾವವೇ ಎತ್ತಿನ ಮೈ ತೊಳೆದು, ಕೊಂಬಿಗೆ ಹೂ ಕಟ್ಟಿ, ನೇಗಿಲಿಗೆ ಅರಿಶಿನ ಕುಂಕುಮ ಇಟ್ಟು, ಹೊಲಕ್ಕೆ ಹೋಗಿ ನಾಲ್ಕು ಸಾಲು ಹೊಡೆದು ಬರುತ್ತಿದ್ದರು. ವರ್ಷದ ಮೊದಲ ಉಳುಮೆ. ಬೆಳೆ ಆಮೇಲಿನ ಮಾತು, ಆವತ್ತು ಭೂಮಿತಾಯಿಗೆ ನಮಸ್ಕಾರವಷ್ಟೆ. ಪೆಟ್ಟಿಗೆಯೂ ಅದೇ ದಿನ ಬಂದಿತ್ತಲ್ಲ, ನಮ್ಮವಳಿಗೆ ಹುಮ್ಮಸ್ಸು ಬಂತು. ಯಂತ್ರದ ಕೋಲಿಗೆ ಮಾವಿನೆಲೆ ಕಟ್ಟಿದಳು, ಬ್ಯಾಟರಿಯ ನೆತ್ತಿಗೆ ಕುಂಕುಮ ಇಟ್ಟಳು. ಮಗ ಮೊಬೈಲ್ ಹಿಡಿದು ನಿಂತ. ನಾನು ಪಂಚೆ (ಹಳೆಯದೇ) ಎತ್ತಿ ಕಟ್ಟಿದೆ.

ಗುಂಡಿ ಒತ್ತಿದೆ. ಅದು ನೆಲವನ್ನು ಅಗೆಯಲಿಲ್ಲ. ನೆಲದ ಮೇಲೆ ಕುಣಿಯಿತು.

ಆಮೇಲೆ ಓದಿ ತಿಳಿದುಕೊಂಡೆ. ನೆಲ ಮೆತ್ತಗಿದ್ದರೆ ಆ ಹಲ್ಲುಗಳು ಒಳಗಿಳಿದು ಮಣ್ಣನ್ನು ಮಗುಚುತ್ತವೆ. ನೆಲ ಗಟ್ಟಿಯಿದ್ದರೆ ಅವು ಹಲ್ಲಾಗಿರುವುದನ್ನು ಬಿಟ್ಟು ಗಾಲಿಗಳಾಗುತ್ತವೆ. ಗಾಲಿಯ ಕೆಲಸ ಓಡುವುದು. ಯುಗಾದಿ ಹೊತ್ತಿನ ನಮ್ಮ ಕೆಂಪುನೆಲ ಹೇಗಿರುತ್ತದೆಂದರೆ ಅದರ ಮೇಲೆ ತೆಂಗಿನಕಾಯಿ ಒಡೆಯಬಹುದು. ಯಂತ್ರ ತುಳಸಿಕಟ್ಟೆಯಿಂದ ಹೊರಟು ಕಾಂಪೌಂಡ್ ಗೋಡೆಯ ಕಡೆಗೆ ಓಡಿತು, ಅದರ ಹಿಂದೆ ನಾನು. ಬೆರಳು ಬಿಟ್ಟರೆ ತಾನಾಗಿ ನಿಲ್ಲುವ ಹಾಗೆ ಮಾಡಿದ್ದಾರೆ, ನಿಜ. ಮಾಡಿದವನಿಗೆ ಮನುಷ್ಯರ ಪರಿಚಯ ಸಾಲದು. ಹೆದರಿದವನ ಕೈ ಬಿಡುವುದಿಲ್ಲ, ಬಿಗಿಯುತ್ತದೆ. "ಬಿಡ್ರೀ, ಬಿಡ್ರೀ" ಎಂದು ಅವಳು ಕೂಗಿದಷ್ಟೂ ನಾನು ಹಿಡಿದೆ. ಅಪ್ಪನ ಎತ್ತಿಗಾದರೂ ಮೂಗುದಾರವಿತ್ತು, ಜಗ್ಗಿದರೆ ನಿಲ್ಲುತ್ತಿತ್ತು. ಕಾರ್ಡ್‌ಲೆಸ್ ಎಂಬ ಮಾತಿನ ನಿಜವಾದ ಅರ್ಥ ನನಗೆ ಹೊಳೆದದ್ದು ಗೋಡೆಗೆ ತಾಗಿದ ಮೇಲೆ.

ಮಗ ಬೆಂಗಳೂರಿಗೆ ವಾಪಸು ಹೋದ. ವಿಡಿಯೋ ಅವನಿಗಿಂತ ಮುಂಚೆ ಹೋಗಿತ್ತು.

ಸರಿ, ನಾನೂ ಒಂದು ಕಾಲಕ್ಕೆ ಲೆಕ್ಕಪತ್ರ ಬರೆದವನು. ಈ ಎತ್ತಿನ ಜಾತಕವನ್ನಾದರೂ ನೋಡೋಣ ಎಂದು ಕೂತೆ. ಬ್ಯಾಟರಿಯ ಮೇಲೆ 20 ವೋಲ್ಟ್ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಅದು ಹೆಣ್ಣು ನೋಡುವಾಗ ಗಂಡಿನ ಕಡೆಯವರು ಹೇಳುವ ಸಂಬಳ. ಒಳಗಿರುವುದು ಸಾಲಾಗಿ ಜೋಡಿಸಿದ ಐದು ಲಿಥಿಯಂ ಕೋಶ, ಒಂದೊಂದೂ 3.6 ವೋಲ್ಟ್. ಕೆಲಸಕ್ಕಿಳಿದಾಗ ಕೈಗೆ ಸಿಗುವುದು ಹದಿನೆಂಟೇ. ತುಂಬ ಚಾರ್ಜಾಗಿ, ಯಾವ ಕೆಲಸವೂ ಇಲ್ಲದೆ ಸುಮ್ಮನೆ ಕೂತಾಗ ಮಾತ್ರ ಅದು ಇಪ್ಪತ್ತು ತೋರಿಸುತ್ತದೆ. ಕೆಲಸವಿಲ್ಲದಾಗ ಜೋರು ಹೆಚ್ಚು, ನಮ್ಮ ಕಚೇರಿಯಲ್ಲೂ ಅಂಥವರಿದ್ದರು.

ಹದಿನೆಂಟನ್ನು ನಾಲ್ಕು ಆಂಪಿಯರ್-ಗಂಟೆಯಿಂದ ಗುಣಿಸಿದರೆ 72 ವ್ಯಾಟ್-ಗಂಟೆ. ಒಬ್ಬ ಆಳು ಒಂದೇ ಸಮ ದುಡಿದರೆ ಹೆಚ್ಚುಕಡಿಮೆ 75 ವ್ಯಾಟ್ ಶಕ್ತಿ ಎಂದು ಲೆಕ್ಕ. ಅಂದರೆ ಆ ಸಾಬೂನು ಡಬ್ಬಿಯೊಳಗೆ ತುಂಬಿಟ್ಟಿರುವುದು ಒಬ್ಬ ಮನುಷ್ಯನ ಒಂದು ಗಂಟೆಯ ಬೆವರು, ಅಷ್ಟೇ. ಆದರೆ ಯಂತ್ರಕ್ಕೆ ಆಳಿನ ತಾಳ್ಮೆಯಿಲ್ಲ. ಹೊರೆ ಬಿದ್ದರೆ 250 ವ್ಯಾಟ್ ಎಳೆದು ಹದಿನೇಳು ನಿಮಿಷಕ್ಕೆ ಆ ಬೆವರನ್ನೆಲ್ಲ ಕುಡಿದು ಕೈ ಚೆಲ್ಲುತ್ತದೆ. ಮತ್ತೆ ತುಂಬಲು ಬೇಕಾದ ಕರೆಂಟು ಒಂದು ಯೂನಿಟ್ಟಿನ ಹತ್ತರಲ್ಲೊಂದು ಭಾಗ. ಗೃಹಜ್ಯೋತಿಯ ಇನ್ನೂರು ಯೂನಿಟ್ಟಿನಲ್ಲಿ ಅದು ಯಾವ ಮೂಲೆಗೂ ಸಾಲದು. ಆ ಮಟ್ಟಿಗೆ ಇದು ಹುಲ್ಲು ಹಿಂಡಿ ಕೇಳದ ಎತ್ತು. ಆದರೆ ಬಿಸಿಲಲ್ಲಿ ಕೆಲಸ ಮಾಡಿಸಿ ಮೈ ಬಿಸಿಯಾಗಿರುವಾಗ ಚಾರ್ಜಿಗೆ ಹಾಕಿದರೆ ಕೆಂಪು ದೀಪ ಮಿಟುಕಿಸಿ ಮೇವು ಮುಟ್ಟುವುದಿಲ್ಲ ಎನ್ನುತ್ತದೆ. ತಣ್ಣಗಾಗುವವರೆಗೆ ನೆರಳಲ್ಲಿ ಮಲಗಿಸಬೇಕು. ನಮ್ಮವಳು ಒಮ್ಮೆ ಅದರ ಮೇಲೆ ಒದ್ದೆಬಟ್ಟೆ ಹಾಕಲು ಹೋದಳು, ನಾನೇ ತಡೆದೆ. ಅಂದಹಾಗೆ ನಮ್ಮ ಪಕ್ಕದ ಮಂಡ್ಯದ ಮರಳಗಾಲ, ಅಲ್ಲಾಪಟ್ಟಣದ ಬಂಡೆಗಳಲ್ಲಿ 1600 ಟನ್ ಲಿಥಿಯಂ ಇದೆಯೆಂದು ಅಣುಶಕ್ತಿ ಇಲಾಖೆಯವರು ಅಂದಾಜು ಮಾಡಿದ್ದಾರೆ. ಕಬ್ಬಿನ ಗದ್ದೆಯ ಕೆಳಗೆ ಬ್ಯಾಟರಿಯ ಬೀಜ. ಮಂಡ್ಯದವರು ಅದನ್ನೂ ಆಲೆಮನೆಯಲ್ಲಿ ಕುದಿಸದಿದ್ದರೆ ಸಾಕು.

ಈ ತಿರುಗುವ ಹಲ್ಲಿನ ಉಪಾಯದ ಮೂಲಪುರುಷರಲ್ಲೊಬ್ಬ ಆಸ್ಟ್ರೇಲಿಯಾದ ಆರ್ಥರ್ ಕ್ಲಿಫರ್ಡ್ ಹೋವರ್ಡ್. 1912ರಲ್ಲಿ ಗಿಲ್ಗಂಡ್ರಾ ಎಂಬ ಊರಿನ ತನ್ನಪ್ಪನ ಜಮೀನಿನಲ್ಲಿ, ಉಗಿ ಯಂತ್ರಕ್ಕೆ ತಿರುಗುವ ಗುದ್ದಲಿ ಸಿಕ್ಕಿಸಿ ನೋಡಿದ. ಮೊದಲಿಗೆ ಮಣ್ಣೆಲ್ಲ ಪಕ್ಕಕ್ಕೆ ಚಿಮ್ಮಿತಂತೆ. ಆಮೇಲೆ ಅಲಗನ್ನು ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಬಗ್ಗಿಸಿದ, ಹತೋಟಿಗೆ ಬಂತು. ಅವನಪ್ಪ ಏನಂದನೋ ಚರಿತ್ರೆಯಲ್ಲಿಲ್ಲ. ನಮ್ಮಪ್ಪನಾಗಿದ್ದರೆ ಏನನ್ನುತ್ತಿದ್ದರೆಂದು ನನಗೆ ಗೊತ್ತು.

ಎರಡನೆಯ ಪ್ರಯತ್ನಕ್ಕೆ ನಾನು ಹಿಂದಿನ ದಿನ ನೀರು ಬಿಟ್ಟೆ. ಈ ಸಲ ಹಲ್ಲು ಇಳಿಯಿತು. ಇಳಿದು ಮೂರಡಿ ಹೋಗಿ 'ಗಕ್' ಎಂದು ನಿಂತಿತು. ಅರ್ಧ ಇಟ್ಟಿಗೆ. ಮನೆ ಕಟ್ಟಿದವರು ಮಿಕ್ಕ ಸಾಮಾನನ್ನೆಲ್ಲ ಹಿತ್ತಲಿನಲ್ಲಿ ಹೂತಿಟ್ಟು ಮೇಲೆ ಎರಡು ಗಾಡಿ ಕೆಂಪುಮಣ್ಣು ಸುರಿದು ತೋಟ ಎಂದು ನಾಮಕರಣ ಮಾಡಿರುತ್ತಾರೆ. ಆ ಒಂದು ಮಧ್ಯಾಹ್ನ ನನ್ನ ಕಾಲು ಗುಂಟೆಯಿಂದ ಎದ್ದುಬಂದವು: ಜಲ್ಲಿ ಒಂದು ಬಾಣಲಿ, ಟೈಲ್ಸ್ ಚೂರು, ಒಂಟಿ ಹವಾಯಿ ಚಪ್ಪಲಿ, ಮಗ ಕಳೆದುಕೊಂಡು ಅತ್ತಿದ್ದ ಬುಗುರಿ, ಮತ್ತೆ ಒಂದು ಬೆಳ್ಳಿ ಚಮಚ. ಆ ಚಮಚದ ಅನುಮಾನದ ಮೇಲೆ ನಮ್ಮವಳು ನನ್ನ ತಂಗಿಯ ಜೊತೆ ಎರಡು ದೀಪಾವಳಿ ಮಾತು ಬಿಟ್ಟಿದ್ದಳು. ಯಂತ್ರ ಒಂದು ನಿಮಿಷದಲ್ಲಿ ತೀರ್ಪು ಕೊಟ್ಟಿತು. ತಂಗಿಗೆ ಈ ವಿಷಯ ತಿಳಿಸಬೇಕೋ ಬೇಡವೋ ಎಂಬುದು ಇನ್ನೂ ನಮ್ಮಲ್ಲಿ ಇತ್ಯರ್ಥವಾಗಿಲ್ಲ.

ದಾರವಿಲ್ಲದ್ದು ಎಂದು ತಂದ ಯಂತ್ರಕ್ಕೆ ದಾರದ ಮೇಲೆ ಅದೆಷ್ಟು ಆಸೆ! ಗೋಣಿಚೀಲದ ಹುರಿ, ಗಾಳಿಪಟದ ನೂಲು, ಹಾಗಲಬಳ್ಳಿ ಕಟ್ಟಲು ಹರಿದಿಟ್ಟಿದ್ದ ಸೀರೆಯ ಅಂಚು, ಕೊನೆಗೆ ಡ್ರಿಪ್ ಪೈಪು, ಮನೆಯಲ್ಲಿದ್ದ ಉದ್ದನೆಯದನ್ನೆಲ್ಲ ಸುತ್ತಿಕೊಂಡಿತು. ಬ್ಯಾಟರಿ ಕಳಚಿಟ್ಟು, ಕುಡುಗೋಲಿನ ತುದಿಯಿಂದ ಒಂದೊಂದೇ ಎಳೆ ಬಿಡಿಸಲು ಮುಕ್ಕಾಲು ಗಂಟೆ. ಹದಿನೇಳು ನಿಮಿಷದ ಉಳುಮೆಗೆ ನಲವತ್ತೈದು ನಿಮಿಷದ ಸಿಕ್ಕು ಬಿಡಿಸುವಿಕೆ. ಎದುರುಮನೆ ಅಜ್ಜಿ ಜಗಲಿಯಿಂದಲೇ ಎಲ್ಲ ನೋಡುತ್ತಿದ್ದರು.

"ಅಲ್ಲ ಕಪ್ಪ, ಅದು ಹಿಟ್ಟು ತಿರುವತದಾ?"

ನಮ್ಮ ಕಡೆ ಹಿಟ್ಟು ಎಂದರೆ ಮುದ್ದೆ. ತಿರುವುವುದಿಲ್ಲ ಅಜ್ಜಿ ಎಂದೆ.

"ಮತ್ತ ಏನ್ಕ ತಂದ?"

ಹಂಗಳದ ಕಡೆ ಜಮೀನಿರುವ ನನ್ನ ಸ್ನೇಹಿತನೊಬ್ಬ ಇದನ್ನು ನೋಡಿ ಹೊಟ್ಟೆ ಹಿಡಿದು ನಕ್ಕ. ಬಂಡೀಪುರದ ಕಾಡು ಅವನ ಬೇಲಿಯವರೆಗೆ ಬಂದು ನಿಂತಿದೆ. "ಲೋ, ದುಡ್ಡು ಕೊಟ್ಟು ತಂದೆಯಲ್ಲೋ! ನಮ್ಮಲ್ಲಿ ಕಾರ್ಡ್‌ಲೆಸ್ ಟಿಲ್ಲರ್ ರಾತ್ರಿ ತಾನಾಗೇ ಬರ್ತದೆ. ಒಂದಲ್ಲ, ಮರಿಗಳ ಸಮೇತ ಹನ್ನೆರಡು" ಎಂದ. ಹಂದಿಯ ವಿಷಯ. ಚಾರ್ಜು ಬೇಡ, ಇಟ್ಟಿಗೆಗೆ ಹೆದರುವುದಿಲ್ಲ, ಮೂತಿಯಲ್ಲೇ ಒಂದು ಗೇಣು ಆಳ. ಬೆಳಗಾಗುವುದರೊಳಗೆ ಅರ್ಧ ಎಕರೆ ಗೆಣಸಿನ ಹೊಲ ಮಗುಚಿ, ಗೆಣಸಿನ ಲೆಕ್ಕವನ್ನೂ ಮುಗಿಸಿ ಹೋಗಿರುತ್ತವೆ. 2009ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ನಮ್ಮ ವಾಹನಗಳಿಗೆ ತಡೆ. ಅವುಗಳಿಗೆ ಅದೇ ಡ್ಯೂಟಿಯ ಹೊತ್ತು.

ಅವನ ಮಾತಿನಿಂದ ನನಗೆ ನಾಟಿದ್ದು ಬೇರೆ, ದುಡ್ಡು ಎಂಬ ಪದ. ಊಟಿ ರಸ್ತೆಯ ಬದಿಯಲ್ಲಿ ಚೆಂಡುಹೂವಿನ, ಸೂರ್ಯಕಾಂತಿಯ ಹೊಲಗಳ ಮುಂದೆ ಕೇರಳದ ಕಾರುಗಳು ಸಾಲುಗಟ್ಟುತ್ತವೆ. ಫೋಟೋ ತೆಗೆಸಿಕೊಳ್ಳಲು ತಲೆಗಿಷ್ಟು ಎಂದು ರೈತರು ವಸೂಲಿ ಮಾಡುತ್ತಾರೆ. ಚೆಂಡುಹೂ ಬಹುಪಾಲು ದೇವರ ತಲೆಗೆ ಹೋಗುವುದೂ ಇಲ್ಲ. ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗಿ, ಅಲ್ಲಿಂದ ಕೋಳಿಯ ಮೇವು ಸೇರಿ, ಕೊನೆಗೆ ಯಾರದೋ ಮೊಟ್ಟೆಯ ಭಂಡಾರ ಹಳದಿಯಾಗುತ್ತದೆ. ನಾನೂ ಕಾಲು ಗುಂಟೆಗೆ ಚೆಂಡುಹೂ ಹಾಕಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಟಿಕೆಟ್ ಕೌಂಟರ್ ಇಟ್ಟರೆ ಹೇಗೆ ಎಂದು ನಮ್ಮವಳ ಮುಂದೆ ಅಂದೆ. ಅವಳು ಉತ್ತರಿಸದೆ ಒಳಗೆ ಹೋದಳು. ನಲವತ್ತು ವರ್ಷದ ಸಂಸಾರದಲ್ಲಿ ಅದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಆಷಾಢ ಬಂತು. ಚಾಮರಾಜನಗರದಲ್ಲಿ ನನ್ನ ಭಾವಮೈದನ ಮನೆ. ಚಾಮರಾಜೇಶ್ವರನ ತೇರಿಗೆ ಬನ್ನಿ ಎಂದು ಕರೆದ. ಬೇರೆ ಊರಿನಲ್ಲಿ ಆಷಾಢವೆಂದರೆ ಹೊಸ ಜೋಡಿಯನ್ನು ಬೇರೆಬೇರೆ ಮಾಡಿ ತವರಿಗೆ ಕಳಿಸುತ್ತಾರೆ. ಇಲ್ಲಿ ಮಾತ್ರ ಹೊಸ ಜೋಡಿಗಳೇ ಒಟ್ಟಾಗಿ ಬಂದು ತೇರಿಗೆ ಹಣ್ಣು ದವನ ಎಸೆಯುತ್ತವೆ. ಕರೆಯುವಾಗಲೇ "ಭಾವ, ಆ ಮಿಕ್ಸೀನೂ ತನ್ನಿ, ನಮ್ಮ ಹಿತ್ತಲಲ್ಲಿ ಒಂದು ಕೈ ನೋಡೋಣ" ಎಂದ. ವಿಡಿಯೋ ಅಲ್ಲಿಗೂ ಮುಟ್ಟಿತ್ತು.

ಯಂತ್ರವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಸರ್ಕಾರಿ ಬಸ್ಸು ಹತ್ತಿದೆವು. ತುಂಬ ಹೊಸ ಜೋಡಿಗಳು, ಮಲ್ಲಿಗೆಯ ವಾಸನೆ. ಕಂಡಕ್ಟರ್ ನಮ್ಮವಳಿಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ ಕೊಟ್ಟ. ಲಗೇಜು ಮೂವತ್ತು ಕೆಜಿಯವರೆಗೆ ಪುಕ್ಕಟೆ, ಇದು ನಾಲ್ಕು ಕೆಜಿ. ಹೆಂಡತಿಗೂ ಫ್ರೀ, ಟಿಲ್ಲರಿಗೂ ಫ್ರೀ, ದುಡ್ಡು ಕೊಟ್ಟು ಕೂತವನು ನಾನೊಬ್ಬನೇ. ತೆರಕಣಾಂಬಿ ದಾಟುವವರೆಗೆ ಅವಳು ಅದನ್ನೇ ಮೆಲುಕು ಹಾಕಿ ನಗುತ್ತಿದ್ದಳು.

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂಬ ಮಾತು ನಿಮಗೂ ಗೊತ್ತಿರಬೇಕು. ಈ ಭಯಕ್ಕೇ 1997ರಲ್ಲಿ ಹೊಸ ಜಿಲ್ಲೆಯ ಉದ್ಘಾಟನೆಯನ್ನು ಜೆ.ಎಚ್. ಪಟೇಲರು ಊರೊಳಗೆ ಬಾರದೆ ಮಲೆ ಮಹದೇಶ್ವರ ಬೆಟ್ಟದಲ್ಲಿ ಮಾಡಿದರೆಂದು ಇಂದಿಗೂ ಹೇಳುತ್ತಾರೆ. ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದೂ 2013ರಿಂದ 18ರವರೆಗೆ ಐದು ವರ್ಷ ಪೂರೈಸಿ ಆ ಶಾಪವನ್ನು ಮುಗಿಸಿದರು ಎಂದು ನಾವೆಲ್ಲ ನಂಬಿದ್ದೆವು. ಮುಗಿದಿಲ್ಲ. ಅದು ಟಿಲ್ಲರಿನ ಮೇಲೆ ಬಿದ್ದಿದೆ.

ಭಾವಮೈದನ ಹಿತ್ತಲು ಕರಿನೆಲ. ಹಿಂದಿನ ರಾತ್ರಿ ಮಳೆ ಬೇರೆ. ಕರಿನೆಲ ಒಣಗಿದರೆ ಬಾಯಿ ಬಿಡುತ್ತದೆ, ನೆಂದರೆ ಕಾಲು ಹಿಡಿಯುತ್ತದೆ. ಎರಡರ ನಡುವೆ ಅದು ಒಳ್ಳೆಯದಾಗಿರುವ ದಿನ ಯಾವುದೆಂದು ಪಂಚಾಂಗದಲ್ಲಿ ಬರೆದಿಲ್ಲ. ಗುಂಡಿ ಒತ್ತಿದ ಅರ್ಧ ನಿಮಿಷಕ್ಕೆ ನಾಲ್ಕು ಚಕ್ರದ ಹಲ್ಲೂ ಮುಚ್ಚಿ, ಕೋಲಿನ ತುದಿಗೆ ನಾಲ್ಕು ಮುದ್ದೆ ಕಟ್ಟಿತು. ಎದುರುಮನೆ ಅಜ್ಜಿಗೆ ಸುಳ್ಳು ಹೇಳಿದೆನಲ್ಲ ಎನಿಸಿತು, ಇದು ಚೆನ್ನಾಗಿಯೇ ಹಿಟ್ಟು ತಿರುವುತ್ತದೆ. ಆಮೇಲೆ ಒಮ್ಮೆ ನರಳಿ, ಒಳಗಿನ ರಕ್ಷಣೆಯ ವ್ಯವಸ್ಥೆ ಕರೆಂಟು ಕಡಿದು, ಸುಮ್ಮನಾಯಿತು. ಎತ್ತು ನೊಗದಲ್ಲೇ ಮಲಗಿದರೆ ಬಾಲ ತಿರುಚಿ ಎಬ್ಬಿಸುತ್ತಿದ್ದರು. ಇದಕ್ಕೆ ಎಲ್ಲಿ ತಿರುಚುವುದು?

ಭಾವಮೈದನ ಮಗಳು ಕಿಟಕಿಯಿಂದ ನೋಡುತ್ತಿದ್ದಳು. ಓದಿದ ಹುಡುಗಿ, ಹೊಂಡರಬಾಳಿನ ಅಮೃತಭೂಮಿಗೆ ಹೋಗಿ ಸಹಜ ಕೃಷಿ ನೋಡಿ ಬಂದವಳು. "ಮಾವ, ಉಳೋದೇ ತಪ್ಪು. ಜಪಾನಿನ ಫುಕುವೋಕಾ ಉಳದೇನೇ ಭತ್ತ ಬೆಳೆದು ತೋರಿಸಿದ್ರು. ಎರೆಹುಳು ಉಳ್ತದೆ, ಬಿಡಿ" ಎಂದಳು. ಎರೆಹುಳುವಿನ ಬಗ್ಗೆ ನನಗೆ ತಕರಾರಿಲ್ಲ. ಡಾರ್ವಿನ್ ಅಂಥವನೇ 1881ರಲ್ಲಿ ತನ್ನ ಕೊನೆಯ ಪುಸ್ತಕವನ್ನು ಅವುಗಳ ಮೇಲೆ ಬರೆದ. ನೇಗಿಲು ಹುಟ್ಟುವ ಮೊದಲೇ ಭೂಮಿಯನ್ನು ಉಳುತ್ತಿದ್ದವು ಅವೇ ಎಂದು ಒಪ್ಪಿಕೊಂಡ. "ಸರಿ ತಾಯಿ, ಆದ್ರೆ ಎರೆಹುಳುವನ್ನ ನಿಮ್ಮತ್ತೆ ಮುಂದೆ ಉಡುಗೊರೆ ಅಂತ ಹೇಗೆ ತೋರಿಸಲಿ?" ಎಂದೆ. ಅವಳಿಗೂ ನಗು ಬಂತು.

ಊರಿಗೆ ಬಂದ ಮೇಲೆ ನಾಚಿಕೆ ಬಿಟ್ಟು ಗುದ್ದಲಿ ಅಣ್ಣನನ್ನೇ ಕರೆಸಿದೆ. ಅವನು ಮೊದಲು ಯಂತ್ರದ ಮುಖ ನೋಡಲಿಲ್ಲ, ಮಣ್ಣಿನ ಮುಖ ನೋಡಿದ. ಒಂದು ಹಿಡಿ ತೆಗೆದು ಉಂಡೆ ಕಟ್ಟಿದ. ಸೊಂಟದೆತ್ತರದಿಂದ ಕೆಳಗೆ ಬಿಟ್ಟ. ಉಂಡೆ ಉಂಡೆಯಾಗಿಯೇ ಕೂತಿತು.

"ಇನ್ನೂ ಹದ ಬಂದಿಲ್ಲ ಸಾ. ನಾಳಿದ್ದು ಬತ್ತೀನಿ. ಉಂಡ ಪುಡಿ ಆಗ್ಬೇಕು. ಆಗ ನಿಮ್ ಮಿಕ್ಸೀನೂ ಆಯ್ತದ, ನನ್ ಗುದ್ದಲೀನೂ ಆಯ್ತದ."

ಹದ. ಡಬ್ಬದೊಳಗಿನ ಹನ್ನೊಂದು ಭಾಷೆಯ ಕೈಪಿಡಿಯಲ್ಲಿ ಆ ಪದ ಎಲ್ಲೂ ಇರಲಿಲ್ಲ. ನೀರು ಹಾಕಿ ಎಂದಿತ್ತು, ಒದ್ದೆಯಿರಬಾರದು ಎಂದಿತ್ತು, ಎರಡನ್ನೂ ಬೇರೆಬೇರೆ ಪುಟದಲ್ಲಿ ಹೇಳಿತ್ತು.

ಮೂರನೆಯ ದಿನ ಬಂದ. ಉಂಡೆ ಕಟ್ಟಿದ, ಬಿಟ್ಟ, ಪುಡಿಯಾಯಿತು. ಅವನು ಗುದ್ದಲಿಯಲ್ಲಿ ಒಂದೊಂದು ಸಾಲು ಮಗುಚುತ್ತಾ, ಇಟ್ಟಿಗೆ ಚೂರು ಹೆಕ್ಕಿ ಎಸೆಯುತ್ತಾ ಮುಂದೆ ಹೋದ. "ನೀವು ಹಿಂದಗಡ ರುಬ್ಕಂಡು ಬನ್ನಿ ಸಾ" ಎಂದ. ನಾನು ಗುಂಡಿ ಒತ್ತಿದೆ. ಅಯ್ಯಾ, ಏನು ಹೋಯಿತು ಅಂತೀರಿ! ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು, ಕುಣಿಯಲಿಲ್ಲ, ನರಳಲಿಲ್ಲ, ಹೆಂಟೆಯೆಲ್ಲ ಒಡೆದು ಮಣ್ಣು ಅವಲಕ್ಕಿಯಷ್ಟು ಹಗುರವಾಯಿತು. ಹಟ್ಟಿಗೊಬ್ಬರ ಚೆಲ್ಲಿ ಇನ್ನೊಂದು ಸುತ್ತು ಬಂದೆ, ಹೋಳಿಗೆ ಹೂರಣದ ಹಾಗೆ ಕಲೆಸಿಕೊಟ್ಟಿತು. ಅಗೆದ ನೆಲವನ್ನು ಅಗೆಯುವುದರಲ್ಲಿ ಈ ಯಂತ್ರಕ್ಕೆ ಸಾಟಿಯಿಲ್ಲ. ನಮ್ಮವಳು ಎರಡು ಲೋಟ ಟೀ ತಂದು ಎರಡನ್ನೂ ಅವನ ಮುಂದೆ ಇಟ್ಟಳು. "ನಿಮಗೆ ಬೆವರೇ ಬಂದಿಲ್ವಲ್ಲ" ಎಂದಳು ನನಗೆ.

ಹೊರಡುವಾಗ ಅವನು ಎರಡು ಆಳಿನ ಕೂಲಿ ಕೇಳಿದ.

"ಎರಡಾ? ಇನ್ನೊಂದು ಯಾರದಪ್ಪಾ?"

"ನಿಮ್ನೂ ನೋಡ್ಕಂಡು ಕೆಲ್ಸ ಮಾಡ್ಬೇಕಿತ್ತಲ್ಲ ಸಾ."

ಕೊಟ್ಟೆ. ಹಾಗೇ ಹೋಗುವ ಮುಂಚೆ ಒಂದು ಮಾತು ಹೇಳಿದ್ದ: "ಗರ್ಕ ಇರ ಕಡ ಮಿಕ್ಸಿ ಆಡಿಸ್ಬ್ಯಾಡಿ." ಕೇಳಿಸಿತು. ಆದರೆ ಬ್ಯಾಟರಿಯಲ್ಲಿ ಎರಡು ಕಡ್ಡಿ ಮಿಕ್ಕಿತ್ತು, ನನ್ನಲ್ಲಿ ಹುಮ್ಮಸ್ಸು ಮಿಕ್ಕಿತ್ತು. ಮೂಲೆಯಲ್ಲಿದ್ದ ಅಂಬುಗರಿಕೆಯ ಮೇಲೆ ಓಡಿಸಿದೆ. ಸೊಗಸಾಗಿ ಕತ್ತರಿಸಿತು. ಗರಿಕೆಯ ಸ್ವಭಾವ ನಿಮಗೆ ತಿಳಿದದ್ದೇ, ಒಂದು ಗಿಣ್ಣು ಉಳಿದರೆ ಒಂದು ಗಿಡ. ನಾನು ಅದನ್ನು ಸಾವಿರ ಗಿಣ್ಣು ಮಾಡಿ, ಗೊಬ್ಬರದ ಜೊತೆ ಕಲೆಸಿ, ಕಾಲು ಗುಂಟೆಯ ಉದ್ದಗಲಕ್ಕೂ ಸಮನಾಗಿ ಬಿತ್ತಿದ್ದೆ. ಬದನೆ ಕಣ್ಣು ಬಿಡುವ ಮೊದಲೇ ಗರಿಕೆ ಮೊಣಕಾಲಿಗೆ ಬಂತು.

ಗೌರಿಗಣೇಶ ಹಬ್ಬದ ಬೆಳಗ್ಗೆ ಬೀದಿಯ ಮಕ್ಕಳೆಲ್ಲ ನಮ್ಮ ಹಿತ್ತಲಲ್ಲಿ. ಇಪ್ಪತ್ತೊಂದರ ಕಟ್ಟು, ಇಪ್ಪತ್ತೊಂದರ ಕಟ್ಟು. ಎದುರುಮನೆ ಅಜ್ಜಿ ಮೊರ ಹಿಡಿದು ಬಂದು, "ನಿಮ್ಮ ಮಿಕ್ಸಿ ಏನ್ಕ ಅಂತ ಈಗ ಗೊತ್ತಾಯ್ತು ಕಪ್ಪ" ಎಂದು ಮೊರ ತುಂಬಿಕೊಂಡು ಹೋದರು. ಅಷ್ಟರಲ್ಲಿ ಮಗನ ಫೋನು.

"ಹೇಗಿದೆ ಅಪ್ಪಾ ತೋಟ? ಮೆಷಿನ್ ಉಪಯೋಗ ಆಯ್ತಾ?"

"ಈ ಸಲದಷ್ಟು ಬೆಳೆ ಯಾವತ್ತೂ ಬಂದಿರಲಿಲ್ಲ ಕಣೋ. ಇಡೀ ಬೀದಿಗೆ ಹಂಚ್ತಾ ಇದ್ದೀನಿ" ಎಂದೆ.

ಏನು ಬೆಳೆ ಎಂದು ಅವನು ಕೇಳಲಿಲ್ಲ. ನಮ್ಮವಳು ಫೋನಿಗೆ ಕೈ ಚಾಚಿದಳು. ನಾನು ಹಬ್ಬದ ಶುಭಾಶಯ ಹೇಳಿ ಇಟ್ಟುಬಿಟ್ಟೆ.